ಸಹಪಾಠಿಗಳ ಜತೆ ಹಾಯಿದೋಣಿಯಲ್ಲಿ ಒಂದು ವಾರ: ಕ್ರೊಯೇಷಿಯಾ ತೀರಕ್ಕೆ ಹೊರಡುವ ಮುನ್ನ

ಯುರೋಪಿನಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಬೇಸಿಗೆ ಹತ್ತಿರವಾದಂತೆ ಸಹಪಾಠಿಗಳಿಂದ ಒಂದು ಕರೆ ಬರುವುದುಂಟು. ಏಳೆಂಟು ಜನ ಸೇರಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿದು ಕ್ರೊಯೇಷಿಯಾದ ದ್ವೀಪಗಳ ನಡುವೆ ಒಂದು ವಾರ ಸುತ್ತಿ ಬರೋಣ, ನೀನೂ ಬಾ ಎಂದು. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ವಿಭಾಗದವರೇ ಇಂಥ ಪ್ರವಾಸ ಏರ್ಪಡಿಸುತ್ತಾರೆ. ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಬೆಳೆದವರಿಗೆ ಹೋಗಬೇಕೆಂಬ ಆಸೆ, ಜತೆಗೇ ಅಳುಕು. ಈಜು ಬಾರದು, ದೋಣಿ ಹತ್ತಿದ ಅಭ್ಯಾಸವಿಲ್ಲ, ಖರ್ಚಿನ ಅಂದಾಜಿಲ್ಲ, ಕಾಗದಪತ್ರ ಸಾಕೋ ಸಾಲದೋ ತಿಳಿಯದು. ಅಂಥವರಿಗಾಗಿ ಈ ಲೇಖನ. ಊರಿನಲ್ಲಿ ಕೂತು ಚಿಂತೆ ಮಾಡುವ ತಂದೆ ತಾಯಿಯರೂ ಓದಬಹುದು.

ಹಾಯಿದೋಣಿಯ ವಾರ ಬಿರುಗಾಳಿಯಿಂದ ಕೆಡುವುದು ಅಪರೂಪ. ಮನೆಯಲ್ಲಿ ಕೂತು 'ದಿನಕ್ಕೊಂದು ದ್ವೀಪ' ಎಂದು ಬರೆದುಕೊಂಡ ಪಟ್ಟಿಯಿಂದಲೇ ಅದು ಹೆಚ್ಚಾಗಿ ಕೆಡುತ್ತದೆ. ಪಟ್ಟಿಗೆ ಕಟ್ಟುಬಿದ್ದವರು ಹೊರಡಬಾರದ ಹೊತ್ತಿನಲ್ಲಿ ಹೊರಡುತ್ತಾರೆ, ಅರ್ಧ ಜನ ವಾಂತಿ ಮಾಡುತ್ತಾರೆ, ಸಂಜೆಗೆ ಎಲ್ಲರೂ ಮುನಿಸಿಕೊಂಡಿರುತ್ತಾರೆ. ಹಾಗಾಗಿ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಅಲ್ಲಿನ ಗಾಳಿಯನ್ನು.

ಆ ತೀರವೇ ಏಕೆ

ಕ್ರೊಯೇಷಿಯಾದ ದಕ್ಷಿಣ ಭಾಗದ ಕರಾವಳಿಗೆ ಡಾಲ್ಮೇಷಿಯಾ ಎಂದು ಹೆಸರು. ಸ್ಪ್ಲಿಟ್ ಅದರ ದೊಡ್ಡ ಪಟ್ಟಣ. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಕಟ್ಟಿಸಿದ ಅರಮನೆಯೊಳಗೇ ಇಂದಿಗೂ ಜನ ಮನೆ ಮಾಡಿಕೊಂಡಿರುವ ಊರು ಅದು. ದೇಶದ ತೀರದುದ್ದಕ್ಕೂ ಸಾವಿರಕ್ಕೂ ಹೆಚ್ಚು ದ್ವೀಪಗಳು, ಕುರುವೆಗಳು, ಬಂಡೆಗಳು ಸಾಲುಗಟ್ಟಿವೆ. ಅವು ತೆರೆದ ಸಮುದ್ರದ ಅಲೆಗಳನ್ನು ತಡೆಯುತ್ತವೆ. ಭರತ ಇಳಿತದ ಅಂತರ ಸಾಮಾನ್ಯವಾಗಿ ಅರ್ಧ ಮೀಟರ್ ಕೂಡ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎಂದರೆ ಮಳೆಗಾಲದ ಮೀನುಗಾರಿಕೆ ನಿಷೇಧದ ತಿಂಗಳುಗಳು, ಯಾಂತ್ರಿಕ ದೋಣಿಗಳು ದಕ್ಕೆ ಬಿಟ್ಟು ಕದಲುವುದಿಲ್ಲ. ಕ್ರೊಯೇಷಿಯಾದ ಏಡ್ರಿಯಾಟಿಕ್ ಸಮುದ್ರದಲ್ಲಿ ಅದೇ ತಿಂಗಳುಗಳು ದೋಣಿ ಬಿಡಲು ಒಳ್ಳೆಯ ಕಾಲ. ಹೊಸಬರು ಇಷ್ಟು ನಿಶ್ಚಿಂತೆಯಿಂದ ಹಾಯಿ ಕಲಿಯಬಹುದಾದ ಸಮುದ್ರಗಳು ಹೆಚ್ಚಿಲ್ಲ.

ಮೂರು ಗಾಳಿಗಳು

ಅಲ್ಲಿನವರು ಗಾಳಿಯನ್ನು ಹೆಸರು ಹಿಡಿದು ಮಾತಾಡುತ್ತಾರೆ. ಮೂರು ಹೆಸರು ಗೊತ್ತಿದ್ದರೆ ನಿಮಗೆ ಸಾಕು.

ಮಾಯೆಸ್ಟ್ರಾಲ್ ಬೇಸಿಗೆಯ ಗೆಳೆಯ. ಬಿಸಿಲಿಗೆ ನೆಲ ಕಾದು, ಅದರ ಮೇಲಿನ ಗಾಳಿ ಏರಿದಾಗ ಸಮುದ್ರದ ತಂಪು ಗಾಳಿ ಒಳನುಗ್ಗುತ್ತದೆ. ವಾಯವ್ಯದಿಂದ ಬೀಸುವ ಇದು ಬೆಳಗಿನ ಹೊತ್ತು ಇರುವುದೇ ಇಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಎದ್ದು, ಮಧ್ಯಾಹ್ನ ಬಲಗೊಂಡು, ಸೂರ್ಯ ಮುಳುಗುವಾಗ ಮಲಗುತ್ತದೆ. ಹವೆ ನೆಟ್ಟಗಿದ್ದರೆ ನಿಮ್ಮ ದಿನಚರಿಯೂ ಹಾಗೇ ಇರುತ್ತದೆ: ಬೆಳಿಗ್ಗೆ ಈಜು, ತಿಂಡಿ, ಮಧ್ಯಾಹ್ನ ಹಾಯಿ, ಸಂಜೆ ಬಂದರು.

ಬೂರಾ ಈಶಾನ್ಯದ ಗಾಳಿ. ಕರಾವಳಿಯ ಬೆನ್ನಿಗಿರುವ ಪರ್ವತಗಳ ಆಚೆ ತಣ್ಣನೆಯ ಭಾರವಾದ ಗಾಳಿ ತುಂಬಿಕೊಂಡು, ಏಣು ದಾಟಿ ಕೆಳಗೆ ಸುರಿಯುತ್ತದೆ. ಆದ್ದರಿಂದಲೇ ಅದು ಒಂದೇ ಸಮನಾಗಿ ಬೀಸದೆ ಹೊಡೆತ ಹೊಡೆತವಾಗಿ ಬರುತ್ತದೆ. ಆಕಾಶ ತಿಳಿಯಾಗಿದ್ದಾಗಲೇ ಬರುವುದರಿಂದ ಹೊಸಬರು ಮೋಸ ಹೋಗುತ್ತಾರೆ. ಮೋಸೊರ್, ಬಿಯೊಕೊವೊ ಬೆಟ್ಟಗಳ ನೆತ್ತಿಯ ಮೇಲೆ ಬಿಳಿ ಮೋಡದ ಪಟ್ಟಿ ಕೂತಿದ್ದರೆ ಅದು ಸೂಚನೆ. ಚಳಿಗಾಲದಲ್ಲಿ ಇದರ ಕಾಟ ಹೆಚ್ಚು. ಬೇಸಿಗೆಯಲ್ಲೂ ಒಮ್ಮೊಮ್ಮೆ ಇಣುಕುತ್ತದೆ.

ಯೂಗೊ ಆಗ್ನೇಯದ ಬೆಚ್ಚನೆಯ, ತೇವದ ಗಾಳಿ. ಇಡೀ ಏಡ್ರಿಯಾಟಿಕ್ ಉದ್ದಕ್ಕೆ ಅಡೆತಡೆಯಿಲ್ಲದೆ ಓಡಿಬರುವುದರಿಂದ ಅಲೆ ಬೆಳೆಯಲು ಜಾಗ ಸಿಗುತ್ತದೆ. ನಿಧಾನವಾಗಿ ಶುರುವಾಗಿ ಎರಡು ಮೂರು ದಿನ ಬೆಳೆಯುತ್ತದೆ. ಮೋಡ, ಮಳೆ ತರುತ್ತದೆ. ನಿಧಾನವಾಗಿ ಬರುವುದೇ ನಿಮಗೆ ಅನುಕೂಲ, ಸುರಕ್ಷಿತ ಬಂದರು ಹಿಡಿಯಲು ಸಮಯ ಕೊಡುತ್ತದೆ.

ಇನ್ನೆರಡು ಲೆಕ್ಕ ತಲೆಯಲ್ಲಿರಲಿ. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹತ್ತು ನಾಟ್ ಗಾಳಿಯಲ್ಲಿ ನಗುತ್ತಿದ್ದವರು ಇಪ್ಪತ್ತರಲ್ಲಿ ಕಂಬಿ ಹಿಡಿದು ಕೂರುವುದು ಇದರಿಂದ. ಹಾಗೆಯೇ ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಾ ಸಾಗಬೇಕು. ಹತ್ತು ಮೈಲಿಯ ದಾರಿ ಹದಿನಾಲ್ಕಾಗುತ್ತದೆ. ಬಾಡಿಗೆ ದೋಣಿಯ ಸರಾಸರಿ ವೇಗ ಗಂಟೆಗೆ ಐದು ನಾಟಿಕಲ್ ಮೈಲಿ, ಅಂದರೆ ಐದು ನಾಟ್, ಎಂದಿಟ್ಟುಕೊಳ್ಳಿ; ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಸೈಕಲ್ಲಿಗಿಂತ ನಿಧಾನ.

ಈಗ ನಕ್ಷೆ ನೋಡಿ. ಸ್ಪ್ಲಿಟ್‌ನಿಂದ ಬ್ರಾಚ್ ದ್ವೀಪದ ಮಿಲ್ನಾ ಸುಮಾರು 11 ಮೈಲಿ, ಎರಡೂವರೆ ಗಂಟೆಯೊಳಗಿನ ದಾರಿ. ವಿಸ್ ದ್ವೀಪ 30 ಮೈಲಿಯ ಆಸುಪಾಸು, ಇಡೀ ದಿನದ ಕೆಲಸ. ಕೊರ್ಚುಲಾ ಪಟ್ಟಣ 50 ಮೈಲಿಗೂ ದೂರ, ಅದೂ ಆಗ್ನೇಯಕ್ಕೆ. ಹೋಗುವಾಗ ಮಾಯೆಸ್ಟ್ರಾಲ್ ಬೆನ್ನಿಗಿದ್ದು ಖುಷಿಯೋ ಖುಷಿ, ಮರಳುವಾಗ ಅದೇ ಗಾಳಿ ಮೂಗಿಗೆ ನೇರ. ಒಂದು ವಾರದಲ್ಲಿ ಕೊರ್ಚುಲಾಗೆ ಹೋಗಿಬರುತ್ತೇವೆ ಎನ್ನುವ ವಿದ್ಯಾರ್ಥಿ ಗುಂಪುಗಳಿಗೆ ನಾನು ಬೇಡವೆಂದೇ ಹೇಳುತ್ತೇನೆ. ಬ್ರಾಚ್, ಶೋಲ್ಟಾ, ಹ್ವಾರ್, ವಿಸ್ ಇಷ್ಟರಲ್ಲೇ ವಾರ ತುಂಬಿ ತುಳುಕುತ್ತದೆ.

ಹೊರಡುವ ಮುನ್ನ

1. ದೋಣಿ ನಡೆಸುವವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಿ. ಸ್ಕಿಪ್ಪರ್ ಆಗುವವರ ಬಳಿ ಕ್ರೊಯೇಷಿಯಾ ಸರ್ಕಾರ ಒಪ್ಪುವ ನೌಕಾ ಪರವಾನಗಿ ಇರಲೇಬೇಕು, ರೇಡಿಯೋ ಬಳಸುವ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಗೆಳೆಯನೊಬ್ಬನ ಬಳಿ ಪರವಾನಗಿ ಇದೆ ಎಂದಷ್ಟಕ್ಕೇ ನಿಶ್ಚಿಂತರಾಗಬೇಡಿ. ಏಳೆಂಟು ಜನ ಹಿಡಿಸುವ ದೋಣಿಯನ್ನು ಜನನಿಬಿಡ ಬಂದರಿನಲ್ಲಿ ಹಿಂದಕ್ಕೆ ಓಡಿಸಿ ಕಟ್ಟಿದ್ದಾನೆಯೇ ಎಂದು ನೇರವಾಗಿ ಕೇಳಿ. ಇಲ್ಲವೆಂದರೆ ವೃತ್ತಿಪರ ಸ್ಕಿಪ್ಪರ್ ಇಟ್ಟುಕೊಳ್ಳಿ. ದಿನಕ್ಕೆ ಇನ್ನೂರು ಯೂರೋ ಆಸುಪಾಸು, ಊಟ ನಿಮ್ಮದು. ಅವರಿಗೂ ಒಂದು ಮಲಗುವ ಜಾಗ ಬೇಕು. ಎಂಟು ಹಾಸಿಗೆಯ ದೋಣಿಯಲ್ಲಿ ಹಣ ಹಂಚಿಕೊಳ್ಳುವವರು ಏಳೇ ಜನ ಎಂಬುದನ್ನು ಮೊದಲ ದಿನವೇ ಲೆಕ್ಕ ಹಾಕಿ. ತಲೆಗೆ ಇನ್ನೂರು ಯೂರೋ ಹೆಚ್ಚು ಬೀಳುತ್ತದೆ; ಮೊದಲ ಪ್ರವಾಸಕ್ಕೆ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

2. ಕಾಗದಪತ್ರ. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ವಲಯ ಸೇರಿತು. ಅಂದಿನಿಂದಲೇ ಅಲ್ಲಿ ಯೂರೋ ಚಲಾವಣೆ. ಜರ್ಮನಿಯೋ ನೆದರ್ಲೆಂಡ್ಸೋ ಕೊಟ್ಟ ವಾಸದ ಪರವಾನಗಿ ಮತ್ತು ಪಾಸ್‌ಪೋರ್ಟ್ ಎರಡೂ ಚಾಲ್ತಿಯಲ್ಲಿದ್ದರೆ, 180 ದಿನಗಳ ಅವಧಿಯಲ್ಲಿ 90 ದಿನದವರೆಗೆ ಬೇರೆ ವೀಸಾ ಬೇಕಿಲ್ಲ. ಪರವಾನಗಿಯ ಕಾರ್ಡು ನವೀಕರಣಕ್ಕೆ ಹೋಗಿದ್ದರೆ, ಕೈಯಲ್ಲಿರುವ ತಾತ್ಕಾಲಿಕ ಪತ್ರದಿಂದ ಗಡಿ ದಾಟಬಹುದೇ ಎಂದು ಅದನ್ನು ಕೊಟ್ಟ ಕಚೇರಿಯಲ್ಲೇ ಕೇಳಿ, ಆಮೇಲೆ ಟಿಕೆಟ್ ಮಾಡಿಸಿ. ಮೂಲ ಪ್ರತಿಗಳನ್ನೇ ಒಯ್ಯಿರಿ. ದೋಣಿಯಲ್ಲಿರುವ ಎಲ್ಲರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಇರುವ ಸಿಬ್ಬಂದಿ ಪಟ್ಟಿಯನ್ನು ಮೊದಲೇ ನೋಂದಾಯಿಸುತ್ತಾರೆ. ಪಟ್ಟಿಯಲ್ಲಿಲ್ಲದ ಗೆಳೆಯನನ್ನು ನಡುವೆ ಹತ್ತಿಸಿಕೊಳ್ಳುವಂತಿಲ್ಲ. ಪಕ್ಕದ ದೇಶ ಮಾಂಟೆನೆಗ್ರೊ ಷೆಂಗೆನ್‌ನ ಹೊರಗಿದೆ, ಡುಬ್ರೊವ್ನಿಕ್ ಕಡೆಯಿಂದ ಹೊರಡುವವರು ಇದನ್ನು ಮರೆಯಬಾರದು.

3. ವಿಮೆ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ ಇರುವವರ ಕಾರ್ಡಿನ ಹಿಂಬದಿಯಲ್ಲೇ ಯುರೋಪಿಯನ್ ಕಾರ್ಡ್ ಇರುತ್ತದೆ, ಕ್ರೊಯೇಷಿಯಾದ ಸರ್ಕಾರಿ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆಗೆ ನಡೆಯುತ್ತದೆ. ಖಾಸಗಿ ವಿಮೆಯವರು ಪಾಲಿಸಿ ತೆರೆದು ಓದಿಕೊಳ್ಳಿ. ದೋಣಿಗೆಂದು ಇಡುವ ಠೇವಣಿ ಬೇರೆ. ಅದು ಸಾವಿರಾರು ಯೂರೋ. ಯಾರ ಕ್ರೆಡಿಟ್ ಕಾರ್ಡಿನಿಂದ ಹೋಗುತ್ತದೆ, ದೋಣಿಗೆ ಪೆಟ್ಟಾದರೆ ನಷ್ಟ ಎಲ್ಲರದೋ ಒಬ್ಬರದೋ ಎಂದು ಬರೆದಿಟ್ಟುಕೊಳ್ಳಿ. ಗೆಳೆತನಕ್ಕೆ ಇದರಿಂದ ಕುಂದಿಲ್ಲ.

4. ತಿಂಗಳು. ಮೇ ಕೊನೆ, ಜೂನ್ ಮೊದಲು ಅಥವಾ ಸೆಪ್ಟೆಂಬರ್ ಕೊನೆ ನೋಡಿ. ಜುಲೈ, ಆಗಸ್ಟ್‌ನ ಬಾಡಿಗೆಗಿಂತ ಬಹಳ ಅಗ್ಗ, ಬಂದರುಗಳಲ್ಲಿ ಜಾಗವೂ ಸಿಗುತ್ತದೆ. ಮೇ ತಿಂಗಳಲ್ಲಿ ನೀರು ಮಾತ್ರ ನಮ್ಮವರಿಗೆ ಕೊರೆಯುತ್ತದೆ. ಬಾಡಿಗೆಯ ವಾರ ಶನಿವಾರ ಸಂಜೆಯಿಂದ ಶನಿವಾರ ಬೆಳಿಗ್ಗೆಗೆ. ದೋಣಿಯನ್ನು ಶುಕ್ರವಾರ ಸಂಜೆಯೇ ಮೂಲ ಬಂದರಿಗೆ ತಂದಿರಬೇಕು. ಅಂದರೆ ಸಮುದ್ರದ ಮೇಲೆ ನಿಮಗೆ ಸಿಗುವುದು ಆರು ಹಗಲು.

5. ಸಾಮಾನು. ಗಟ್ಟಿ ಸೂಟ್‌ಕೇಸ್ ಬೇಡ, ಇಡಲು ಜಾಗವಿಲ್ಲ. ಮಡಚಿ ತುರುಕಬಹುದಾದ ಬಟ್ಟೆಯ ಚೀಲ ತನ್ನಿ. ಅಟ್ಟೆಯ ಗುರುತು ಬೀಳದ ಮೆತ್ತನೆಯ ಬೂಟು, ಗಾಳಿ ತಡೆಯುವ ಜಾಕೆಟ್, ದಾರ ಕಟ್ಟಿದ ಕನ್ನಡಕ ಮತ್ತು ಟೋಪಿ, ಸನ್‌ಸ್ಕ್ರೀನ್, ಹಗ್ಗ ಎಳೆಯಲು ಕೈಗವಸು. ಬರಿಗಾಲಲ್ಲಿ ಡೆಕ್ ಮೇಲೆ ಓಡಾಡಿ ಕಾಲ್ಬೆರಳು ಮುರಿದುಕೊಳ್ಳುವವರು ಬಹಳ.

6. ಈಜು ಬಾರದಿದ್ದರೆ ಹೇಳಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ಈಜು ಬಾರದವರೂ ಈ ಪ್ರವಾಸ ಮಾಡಬಹುದು, ಆದರೆ ಸ್ಕಿಪ್ಪರ್‌ಗೆ ಗೊತ್ತಿರಲೇಬೇಕು. ಗೊತ್ತಿದ್ದರೆ ನಿಮ್ಮ ಅಳತೆಯ ಜೀವರಕ್ಷಕ ಜಾಕೆಟ್ ತೆಗೆದಿಡುತ್ತಾರೆ, ಅಲೆ ಇದ್ದಾಗ ಮುಂತುದಿಗೆ ಕಳುಹಿಸುವುದಿಲ್ಲ, ಚಿಕ್ಕ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗುವಾಗಲೂ ಜಾಕೆಟ್ ಹಾಕಿಸುತ್ತಾರೆ. ಹೊರಡುವ ಮೊದಲು ಮೂರು ತಿಂಗಳಿದ್ದರೆ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ತೇಲುವುದನ್ನಾದರೂ ಕಲಿಯಿರಿ.

ದೋಣಿಯ ಮೇಲಿನ ಬದುಕು

ಯಾವುದನ್ನು ಎಲ್ಲರೂ ಸೇರಿ ನಿರ್ಧರಿಸಬೇಕು, ಯಾವುದನ್ನು ಒಬ್ಬರೇ ಎಂಬುದು ಮೊದಲ ಸಂಜೆಯೇ ಇತ್ಯರ್ಥವಾಗಲಿ. ಎಲ್ಲಿ ಊಟ, ಏನು ಅಡುಗೆ, ಯಾವ ಕೊಲ್ಲಿಯಲ್ಲಿ ಈಜು, ಇವನ್ನು ಕೈ ಎತ್ತಿಸಿ ತೀರ್ಮಾನಿಸಿ. ಬಂದರು ಬಿಡಬೇಕೋ ಬೇಡವೋ, ಹಾಯಿ ಎಷ್ಟು ಬಿಚ್ಚಬೇಕು, ಯಾರು ಜಾಕೆಟ್ ಹಾಕಬೇಕು ಎಂಬುದು ಸ್ಕಿಪ್ಪರ್ ಮಾತು, ಅಲ್ಲಿ ಚರ್ಚೆಯಿಲ್ಲ. ಸ್ಕಿಪ್ಪರ್ ನಿಮ್ಮದೇ ವಯಸ್ಸಿನ ಸಹಪಾಠಿಯಾಗಿದ್ದರಂತೂ ಇದನ್ನು ಬಾಯಿ ಬಿಟ್ಟು ಒಪ್ಪಿಕೊಂಡಿರಬೇಕು. ಇಲ್ಲದಿದ್ದರೆ ಕಷ್ಟದ ಗಳಿಗೆಯಲ್ಲಿ ಆರು ಜನ ಆರು ಸಲಹೆ ಕೂಗುತ್ತಾರೆ.

ಮಾರ್ಗವನ್ನು ಹಿಂದಿನ ರಾತ್ರಿ ನಿರ್ಧರಿಸಿ. ಕ್ರೊಯೇಷಿಯಾದ ಹವಾಮಾನ ಇಲಾಖೆ ಸಮುದ್ರಯಾನಿಗಳಿಗೆಂದೇ ಮುನ್ಸೂಚನೆ ಕೊಡುತ್ತದೆ, ಕರಾವಳಿ ರೇಡಿಯೋ ಕೇಂದ್ರಗಳು ಅದನ್ನು ಇಂಗ್ಲಿಷಿನಲ್ಲೂ ಓದುತ್ತವೆ. ಗಾಳಿಯ ದಿಕ್ಕು ತಿಳಿದ ಮೇಲೆ ಬಂದರಿನ ಬಾಯಿ ಯಾವ ಕಡೆಗಿದೆ ನೋಡಿ. ಹ್ವಾರ್ ಪಟ್ಟಣದ ಬಂದರು ದಕ್ಷಿಣಕ್ಕೆ ತೆರೆದಿದೆ, ಯೂಗೊ ಬಂದರೆ ಅಲ್ಲಿ ನಿದ್ದೆಯಿಲ್ಲ. ಅದೇ ದ್ವೀಪದ ಸ್ತಾರಿ ಗ್ರಾದ್ ಉದ್ದನೆಯ ಕೊಲ್ಲಿಯ ತುದಿಯಲ್ಲಿದ್ದು ಯೂಗೊದಿಂದ ಚೆನ್ನಾಗಿ ಮರೆ ಕೊಡುತ್ತದೆ. ಗ್ರೀಕರು ಕ್ರಿಸ್ತಪೂರ್ವ 384ರಲ್ಲಿ ನೆಲೆಸಿದ ಊರು ಅದು. ಅವರು ಹಂಚಿಕೊಂಡ ಹೊಲಗಳ ಕಲ್ಲಿನ ಬದುಗಳು ಇಂದೂ ಉಳಿದಿವೆ, ದ್ರಾಕ್ಷಿ, ಆಲಿವ್ ಬೆಳೆ ನಿಂತಿಲ್ಲ. 2008ರಿಂದ ಆ ಹೊಲಗಳ ಬಯಲು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಗಾಳಿ ತಡೆದು ಒಂದು ದಿನ ಅಲ್ಲೇ ಉಳಿಯಬೇಕಾಗಿ ಬಂದರೆ ಬೇಸರ ಬೇಡ. ಬಾಡಿಗೆ ಸೈಕಲ್ ಹಿಡಿದು ಆ ಬಯಲಿನಲ್ಲಿ ಸುತ್ತಿ. ವಿಸ್ ಪಟ್ಟಣದ ಬಂದರು ಈಶಾನ್ಯಕ್ಕೆ ತೆರೆದಿದೆ, ಹಾಗಾಗಿ ಬೂರಾದ ಮುನ್ಸೂಚನೆ ಇದ್ದಾಗ ಅಲ್ಲಿ ರಾತ್ರಿ ಕಳೆಯುವ ಮೊದಲು ಯೋಚಿಸಿ. ವಿಸ್ ಯುಗೊಸ್ಲಾವಿಯಾ ಕಾಲದಲ್ಲಿ ಸೈನ್ಯದ ನೆಲೆಯಾಗಿದ್ದು, 1989ರವರೆಗೆ ವಿದೇಶಿಯರಿಗೆ ಮುಚ್ಚಿತ್ತು. ಅದರ ತೀರ ಇಂದಿಗೂ ಹೋಟೆಲುಗಳಿಂದ ತುಂಬಿಹೋಗದೆ ಉಳಿದಿದ್ದರೆ ಅದೂ ಒಂದು ಕಾರಣ.

ವಿಸ್ ಬಳಿಯ ಬಿಶೆವೊ ದ್ವೀಪದ ನೀಲಿ ಗುಹೆಗೆ ಎಲ್ಲರೂ ಆಸೆಪಡುತ್ತಾರೆ. ನಿಮ್ಮ ದೋಣಿ ಒಳಗೆ ಹೋಗುವುದಿಲ್ಲ. ಟಿಕೆಟ್ ಪಡೆದು ಅಲ್ಲಿನ ಚಿಕ್ಕ ದೋಣಿಯಲ್ಲಿ ಹೋಗಬೇಕು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಬೆಳಕು ನೀರಿನಡಿಯಿಂದ ಒಳಗೆ ಬರುವಾಗ ನೋಡಲು ಚೆಂದ. ಅಲೆ ಎದ್ದ ದಿನ ಗುಹೆ ಮುಚ್ಚಿರುತ್ತದೆ.

ಬಂದರಿನಲ್ಲಿ ದೋಣಿ ಕಟ್ಟುವ ಗಳಿಗೆಯೇ ಹೊಸಬರಿಗೆ ದೊಡ್ಡ ಪರೀಕ್ಷೆ. ಅಲ್ಲಿ ದೋಣಿಯನ್ನು ಪಕ್ಕಕ್ಕೆ ಒರಗಿಸುವುದಿಲ್ಲ. ಹಿಂದಕ್ಕೆ ಓಡಿಸಿ ಹಿಂತುದಿಯನ್ನು ಕಟ್ಟೆಗೆ ತಾಗುವಷ್ಟು ಹತ್ತಿರ ತರುತ್ತಾರೆ. ಎರಡೂ ಬದಿಗೆ ಗಾಳಿ ತುಂಬಿದ ಫೆಂಡರ್‌ಗಳು ಮೊದಲೇ ತೂಗಾಡುತ್ತಿರಬೇಕು. ಹಿಂಬದಿಯಲ್ಲಿ ಇಬ್ಬರು ಹಗ್ಗದ ಸುರುಳಿ ಹಿಡಿದು ನಿಲ್ಲುತ್ತಾರೆ. ಮೂರನೆಯವರು ಕೊಕ್ಕೆಕೋಲಿನಿಂದ, ಕಟ್ಟೆಯಿಂದ ನೀರಿಗಿಳಿದ ಇನ್ನೊಂದು ಹಗ್ಗವನ್ನು ಎತ್ತಿಕೊಂಡು ದೋಣಿಯ ಅಂಚಿನಲ್ಲೇ ಮುಂತುದಿಯವರೆಗೆ ನಡೆಯಬೇಕು. ಆ ಹಗ್ಗ ಪಾಚಿ ಹಿಡಿದಿರುತ್ತದೆ, ಅದಕ್ಕೆ ಅಂಟಿದ ಚಿಪ್ಪುಗಳು ಅಂಗೈ ಕೊಯ್ಯುತ್ತವೆ. ಕೈಗವಸು ಬೇಕೆಂದದ್ದು ಇದಕ್ಕೇ. ಮುಂದೆ ಬಿಗಿಯಾಗಿ ಎಳೆದು ಕಟ್ಟಿದ ಮೇಲೆ ದೋಣಿ ನಿಲ್ಲುತ್ತದೆ. ಬಿಡುವಾಗ ಆ ಹಗ್ಗ ಪೂರ್ತಿ ಮುಳುಗುವ ತನಕ ಎಂಜಿನ್‌ನ ಗೇರ್ ಹಾಕಬಾರದು, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಮುಳುಗುಗಾರರನ್ನು ಕರೆಸಬೇಕಾಗುತ್ತದೆ. ಯಾರು ಏನು ಹಿಡಿಯಬೇಕೆಂದು ಬಂದರಿನ ಹೊರಗೇ ಹೆಸರು ಹೇಳಿ ಹಂಚಿ.

ಮರೀನಾದಲ್ಲಿ ಒಂದು ರಾತ್ರಿ ಕಟ್ಟಲು ಸುಗ್ಗಿಯ ತಿಂಗಳುಗಳಲ್ಲಿ ನೂರು ಯೂರೋ ಆಸುಪಾಸು, ಹೆಸರುವಾಸಿ ಕಡೆ ಅದಕ್ಕೂ ಹೆಚ್ಚು. ಕೊಲ್ಲಿಯಲ್ಲಿ ಲಂಗರು ಹಾಕಿದರೆ ಹಣ ಉಳಿಯುತ್ತದೆ. ಆದರೆ ನೀರಿನ ಆಳದ ನಾಲ್ಕೈದು ಪಟ್ಟು ಸರಪಳಿ ಬಿಡಬೇಕು. ಸರಪಳಿ ಉದ್ದವಿದ್ದಷ್ಟೂ ಎಳೆತ ಅಡ್ಡಲಾಗಿ ಬಂದು ಲಂಗರು ನೆಲ ಕಚ್ಚುತ್ತದೆ. ಮರಳಿನ ತಿಳಿ ಬಣ್ಣ ಕಂಡಲ್ಲೇ ಹಾಕಿ. ಕಪ್ಪಗೆ ಕಾಣುವುದು ಪೊಸಿಡೋನಿಯಾ ಎಂಬ ಸಮುದ್ರದ ಹುಲ್ಲು, ಸಂರಕ್ಷಿತ ಸಸ್ಯ. ಕೆಲವು ಊಟದ ಮನೆಗಳು ಊಟ ಮಾಡುವವರಿಗೆ ತಮ್ಮ ಕಟ್ಟೆಯಲ್ಲಿ ಬಿಟ್ಟಿಯಾಗಿ ಕಟ್ಟಲು ಬಿಡುತ್ತವೆ, ರೇಡಿಯೋ ಅಥವಾ ಫೋನಿನಲ್ಲಿ ಮೊದಲೇ ಕೇಳಿ.

ನೀರು, ವಿದ್ಯುತ್ತು, ಶೌಚಾಲಯ ಮೂರಕ್ಕೂ ಮಿತಿಯಿದೆ. ಟ್ಯಾಂಕಿನಲ್ಲಿ ಮುನ್ನೂರರಿಂದ ಐನೂರು ಲೀಟರ್ ಸಿಹಿನೀರು. ಎಂಟು ಜನ ಮನೆಯಂತೆ ಸ್ನಾನ ಮಾಡಿದರೆ ಒಂದೇ ದಿನಕ್ಕೆ ಖಾಲಿ. ಸಮುದ್ರದಲ್ಲಿ ಮಿಂದು, ಹಿಂಬದಿಯ ಕೈಶವರ್‌ನಿಂದ ಒಂದು ನಿಮಿಷ ಉಪ್ಪು ತೊಳೆದುಕೊಳ್ಳಿ. ಬಂದರಿನಲ್ಲಿದ್ದಾಗ ಮಾತ್ರ ಮಾಮೂಲಿ ಪ್ಲಗ್‌ಗಳಿಗೆ ಕರೆಂಟ್. ಹೊರಗೆ ಹನ್ನೆರಡು ವೋಲ್ಟ್ ಬ್ಯಾಟರಿ, ಅದರಲ್ಲಿ ಫೋನ್ ಚಾರ್ಜ್ ಆಗುತ್ತದೆ, ಎಲೆಕ್ಟ್ರಿಕ್ ಕುಕ್ಕರ್ ಓಡುವುದಿಲ್ಲ. ಶೌಚದ ಕೊಳವೆ ಕಿರಿದು, ಕಾಗದ ಹಾಕಿದರೆ ಕಟ್ಟಿಕೊಳ್ಳುತ್ತದೆ. ನೀರು ಬಳಸುವ ನಮ್ಮ ಅಭ್ಯಾಸ ಇಲ್ಲಿ ಅನುಕೂಲ, ಒಂದು ಮಗ್ ಒಯ್ಯಿರಿ.

ಅಡುಗೆಗೆ ಗ್ಯಾಸ್ ಒಲೆ ಇರುತ್ತದೆ. ದೋಣಿ ವಾಲಿದರೂ ಒಲೆ ತೊಟ್ಟಿಲಿನಂತೆ ತೂಗಿ ಮಟ್ಟವಾಗಿ ನಿಲ್ಲುತ್ತದೆ. ಆದರೂ ದೋಣಿ ಓಡುವಾಗ ಕುದಿಯುವ ಸಾರು, ಕಾದ ಎಣ್ಣೆ ಬೇಡ. ಕುಕ್ಕರ್ ಕೂಗಿಸುವುದೆಲ್ಲ ಲಂಗರು ಹಾಕಿದ ಮೇಲೆ. ಹಗಲಿಗೆ ಮೊಸರವಲಕ್ಕಿ, ಚಪಾತಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಲಸಿದ ಅನ್ನ ಹೇಳಿ ಮಾಡಿಸಿದಂತಿವೆ. ಸಹಪಾಠಿಗಳೂ ಬಾಯಿ ಚಪ್ಪರಿಸುತ್ತಾರೆ. ಭಾರತದಿಂದ ನೇರ ಬರುವವರು ತುಪ್ಪ, ಹಾಲಿನ ಪದಾರ್ಥ ತರಬೇಡಿ, ಯುರೋಪಿಯನ್ ಒಕ್ಕೂಟಕ್ಕೆ ಅವನ್ನು ಒಯ್ಯುವಂತಿಲ್ಲ. ದಿನಸಿಯನ್ನು ಶನಿವಾರವೇ ಸ್ಪ್ಲಿಟ್‌ನಲ್ಲಿ ಕೊಳ್ಳಿ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ದ್ವೀಪಗಳ ಊಟದ ಮನೆಗಳಲ್ಲಿ ಸಸ್ಯಾಹಾರಿಗಳಿಗೆ ಬ್ಲಿತ್ವಾ ಸಿಗುತ್ತದೆ: ಆಲೂಗಡ್ಡೆ, ಸೊಪ್ಪು, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಮೀನಿನ ಜತೆಗೆ ಕೊಡುವ ಪಲ್ಯವನ್ನೇ ದೊಡ್ಡ ತಟ್ಟೆಯಲ್ಲಿ ಕೇಳಿದರೆ ಕೊಡುತ್ತಾರೆ.

ಎಚ್ಚರ

ತಲೆಸುತ್ತು, ವಾಂತಿ ಬರುವುದು ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುವುದರಿಂದ. ಕೆಳಗಿನ ಕೋಣೆಯಲ್ಲಿ ಗೋಡೆ ಅಲುಗದಂತೆ ಕಾಣುತ್ತದೆ, ದೇಹ ಮಾತ್ರ ಅಲುಗುತ್ತಿರುತ್ತದೆ. ಮೇಲೆ ಬಂದು ದೂರದ ದಡವನ್ನೋ ದಿಗಂತವನ್ನೋ ನೋಡಿದರೆ ಎರಡೂ ಹೊಂದಿಕೊಳ್ಳುತ್ತವೆ. ಚುಕ್ಕಾಣಿ ಹಿಡಿದರೆ ಇನ್ನೂ ಬೇಗ ಸರಿಹೋಗುತ್ತದೆ. ಮಾತ್ರೆ ನುಂಗುವುದಿದ್ದರೆ ಹೊರಡುವ ಮೊದಲೇ, ವೈದ್ಯರನ್ನು ಕೇಳಿ. ಅಂಥ ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ವಾಂತಿ ಮಾಡಲು ಒಬ್ಬರೇ ಅಂಚಿಗೆ ಬಗ್ಗಬೇಡಿ, ಬಕೆಟ್ ತರಿಸಿಕೊಳ್ಳಿ.

ಹಾಯಿಯ ಅಡಿಯಲ್ಲಿರುವ ಅಡ್ಡದೂಲ ಗಾಳಿ ಬದಲಾದಾಗ ಒಂದೇ ಏಟಿಗೆ ಆಚೆಯಿಂದ ಈಚೆಗೆ ಬೀಸುತ್ತದೆ. ತಲೆಗೆ ಬಡಿದು ಸತ್ತವರಿದ್ದಾರೆ. ಅದರ ದಾರಿಯಲ್ಲಿ ನಿಂತು ಫೋಟೋ ತೆಗೆಯಬೇಡಿ.

ಈಜಲು ಇಳಿಯುವಾಗ ಎಂಜಿನ್ ಪೂರ್ತಿ ಆರಿಸಿರಬೇಕು, ಏಣಿ ಇಳಿಬಿಟ್ಟಿರಬೇಕು, ಒಬ್ಬರು ದೋಣಿಯಲ್ಲೇ ಉಳಿಯಬೇಕು. ಎಲ್ಲರೂ ಒಟ್ಟಿಗೆ ಹಾರಿ, ಏಣಿ ಮೇಲೇ ಉಳಿದರೆ ಎತ್ತರದ ಬದಿ ಹತ್ತಲಾಗದು. ಬಂಡೆಗಳ ಬಳಿ ಕಡಲ ಮುಳ್ಳುಹಂದಿಯಂಥ ಸಮುದ್ರ ಅರ್ಚಿನ್‌ಗಳಿರುತ್ತವೆ, ರಬ್ಬರ್ ಚಪ್ಪಲಿ ಹಾಕಿ.

ತುರ್ತು ಸಂದರ್ಭಕ್ಕೆ ರೇಡಿಯೋದ 16ನೇ ಚಾನೆಲ್. ಕ್ರೊಯೇಷಿಯಾದ ಸಮುದ್ರ ರಕ್ಷಣೆಯ ಫೋನ್ ಸಂಖ್ಯೆ 195, ಸಾಮಾನ್ಯ ತುರ್ತು ಸಂಖ್ಯೆ 112. ಸ್ಕಿಪ್ಪರ್ ನೀರಿಗೆ ಬಿದ್ದರೆ ಉಳಿದವರು ಏನು ಮಾಡಬೇಕು? ಇಬ್ಬರಿಗಾದರೂ ರೇಡಿಯೋ ಬಳಸುವುದು, ಎಂಜಿನ್ ಶುರು ಮಾಡುವುದು, ಹಾಯಿ ಇಳಿಸುವುದು ಗೊತ್ತಿರಬೇಕು. ಮೊದಲ ದಿನವೇ ಒಂದು ಫೆಂಡರ್ ನೀರಿಗೆಸೆದು ಎತ್ತಿಕೊಳ್ಳುವ ಅಭ್ಯಾಸ ಮಾಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ದೋಣಿ ಕಟ್ಟೆಗೋ ಪಕ್ಕದ ದೋಣಿಗೋ ತಗಲುವಂತಾದಾಗ ಕೈ, ಕಾಲು ಚಾಚಿ ತಳ್ಳಲು ಹೋಗುವುದು. ಎಂಟು ಹತ್ತು ಟನ್ ತೂಕ ಅದು, ಮೂಳೆ ಪುಡಿಯಾಗುತ್ತದೆ. ಫೆಂಡರ್ ನಡುವೆ ಇಡಿ. ಸಾಧ್ಯವಾಗದಿದ್ದರೆ ತಗಲಲಿ ಬಿಡಿ, ಗೀರಿಗೆ ಠೇವಣಿ ಇದೆ.

ಗಾಳಿ ಹೆಚ್ಚಾದ ಮೇಲೆ ಹಾಯಿ ಕಿರಿದು ಮಾಡುವುದು. ಹೆಚ್ಚಾಗಬಹುದು ಅನ್ನಿಸಿದಾಗಲೇ ಮಾಡಬೇಕು, ಆಮೇಲೆ ಕೈಗೆ ಬಗ್ಗುವುದಿಲ್ಲ.

ಹೊರಡುವ ಶನಿವಾರ ಮಧ್ಯಾಹ್ನದ ವಿಮಾನ, ಮರಳುವ ಶನಿವಾರ ಬೆಳಗಿನ ವಿಮಾನ ಹಿಡಿಯುವುದು. ಎರಡೂ ಕಡೆ ಅರ್ಧ ದಿನ ಬಿಟ್ಟುಕೊಳ್ಳಿ.

ದೂರದ ದ್ವೀಪವನ್ನು ಕೊನೆಗೆ ಉಳಿಸಿಕೊಳ್ಳುವುದು. ಹವೆ ಒಳ್ಳೆಯದಿದ್ದರೆ ಮೊದಲ ಮೂರು ದಿನದಲ್ಲೇ ವಿಸ್ ಮುಗಿಸಿ. ಬುಧವಾರ ಸಂಜೆಯ ನಂತರ ದಿನದಿನಕ್ಕೂ ಸ್ಪ್ಲಿಟ್‌ಗೆ ಹತ್ತಿರವಾಗುತ್ತಿರಬೇಕು. ಗುರುವಾರ ರಾತ್ರಿ ಮಿಲ್ನಾ ಅಥವಾ ಶೋಲ್ಟಾದ ಯಾವುದಾದರೂ ಕೊಲ್ಲಿಯಲ್ಲಿದ್ದರೆ ಶುಕ್ರವಾರ ಯಾವ ಗಾಳಿ ಬಂದರೂ ಎಂಜಿನ್ ಮೇಲಾದರೂ ಮುಟ್ಟುತ್ತೀರಿ.

ಶುಕ್ರವಾರ ಸಂಜೆ

ಎಲ್ಲ ಬಾಡಿಗೆ ದೋಣಿಗಳೂ ಅಂದೇ ಮರಳುವುದರಿಂದ ಡೀಸೆಲ್ ಬಂಕಿನ ಮುಂದೆ ಸಾಲು ಗಂಟೆಗಟ್ಟಲೆ ಬೆಳೆಯುತ್ತದೆ. ಮಧ್ಯಾಹ್ನ ಎರಡರೊಳಗೆ ಹೋಗಿ ಟ್ಯಾಂಕ್ ತುಂಬಿಸಿ, ರಶೀದಿ ಇಟ್ಟುಕೊಳ್ಳಿ. ಮರೀನಾದಲ್ಲಿ ಕಂಪನಿಯವರು ಹಾಯಿ, ಲಂಗರು, ರಬ್ಬರ್ ದೋಣಿ ಎಲ್ಲ ನೋಡುತ್ತಾರೆ. ಮುಳುಗುಗಾರರು ತಳವನ್ನೂ ಪರೀಕ್ಷಿಸುವುದುಂಟು. ಏನಾದರೂ ಮುರಿದಿದ್ದರೆ ನೀವೇ ಮೊದಲು ತಿಳಿಸಿ. ದೋಣಿ ಪಡೆದ ದಿನ ಇದ್ದ ಗೀರುಗಳ ಫೋಟೋ, ದಿನಾಂಕ ಸಮೇತ, ನಿಮ್ಮ ಫೋನಿನಲ್ಲಿದ್ದರೆ ಈಗ ಕೆಲಸಕ್ಕೆ ಬರುತ್ತದೆ. ಠೇವಣಿ ಬಿಟ್ಟುಕೊಟ್ಟ ಪತ್ರವನ್ನು ಕೈಗೆ ತೆಗೆದುಕೊಂಡ ಮೇಲೆಯೇ ಚೀಲ ಇಳಿಸಿ.